ಗುರುತಿನ ದಾಖಲೆಗಳಿಗೆ ಭಾವಚಿತ್ರ: ಸದಸ್ಯರ ಗಮನಕ್ಕೆ

ಒಂದು ದಿನದ ಕೂಲಿ ಬಿಟ್ಟು ಹಳ್ಳಿಯಿಂದ ಸವಣೂರಿಗೆ ಬರುವವರು ಯಾವುದೇ ದಾಖಲೆಗೂ ಮೊದಲು ಸ್ಟುಡಿಯೋದಲ್ಲಿ ಭಾವಚಿತ್ರ ತೆಗೆಸುವುದು ರೂಢಿಯಾಗಿದೆ. ಎಲ್ಲದಕ್ಕೂ ಈ ವೆಚ್ಚ ಅನಗತ್ಯ. ಆಧಾರ್ ಕೇಂದ್ರದಲ್ಲಿ ಭಾವಚಿತ್ರವನ್ನು ಸ್ಥಳದಲ್ಲಿಯೇ ತೆಗೆಯಲಾಗುತ್ತದೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೂ ಹಾಗೆಯೇ. ಆದರೆ 4 ವರ್ಷದೊಳಗಿನ ಮಗುವಿನ ಪಾಸ್‌ಪೋರ್ಟ್‌ಗೆ ಬಿಳಿ ಹಿನ್ನೆಲೆಯ, 4.5 × 3.5 ಸೆಂ.ಮೀ. ಅಳತೆಯ ಭಾವಚಿತ್ರ ಒಯ್ಯಬೇಕು. ಮತದಾರರ ಪಟ್ಟಿಗೆ ಹೊಸದಾಗಿ ಸೇರುವವರ ನಮೂನೆ 6ಕ್ಕೂ ಇದೇ ಅಳತೆ, ಇದೇ ಹಿನ್ನೆಲೆ. ಅದರ ಮೇಲೆ ಸಹಿ ಇರಕೂಡದು.

ಹೆಚ್ಚಿನ ಗೊಂದಲ ತಲೆಯ ಮೇಲಿನ ವಸ್ತ್ರದ್ದು. ಧಾರ್ಮಿಕ ಕಾರಣಕ್ಕೆ ಧರಿಸುವ ಹಿಜಾಬ್, ಪೇಟಗಳನ್ನು ಪಾಸ್‌ಪೋರ್ಟ್ ಭಾವಚಿತ್ರಕ್ಕಾಗಿ ತೆಗೆಯಬೇಕೆಂದಿಲ್ಲ. ಗದ್ದದ ಕೆಳಗಿನಿಂದ ಹಣೆಯ ಮೇಲ್ಭಾಗದವರೆಗೆ, ಎರಡೂ ಬದಿಯ ಅಂಚುಗಳ ಸಹಿತ ಮುಖ ಕಾಣಬೇಕು, ಅಷ್ಟೆ. ಇದನ್ನು ಮನೆಯಲ್ಲಿಯೇ ತಿಳಿಸಿ ಕಳುಹಿಸಿದರೆ ಹಿರಿಯ ಮಹಿಳೆಯರು ಕೌಂಟರ್ ಎದುರು ಮುಜುಗರಪಡುವ ಪ್ರಸಂಗ ಬಾರದು.

5 ವರ್ಷದೊಳಗೆ ಮಾಡಿಸಿದ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ, ಭಾವಚಿತ್ರವೂ ಕೂಸಿನದೇ. ಆದ್ದರಿಂದ 5 ಮತ್ತು 15 ವರ್ಷ ತುಂಬಿದಾಗ ಬಯೋಮೆಟ್ರಿಕ್ ನವೀಕರಣ ಕಡ್ಡಾಯ. ಇದು ಬಾಕಿ ಉಳಿದರೆ ವಿದ್ಯಾರ್ಥಿವೇತನದ ವೇಳೆ ತೊಡಕಾಗಬಹುದು. ಸದಸ್ಯರು ಮುಖ್ಯೋಪಾಧ್ಯಾಯರಿಂದ ಇಂತಹ ಮಕ್ಕಳ ವಿವರ ಪಡೆದು, ಪಾಲಕರಿಗೆ ಮುಂದಿನ ವಾರ್ಡ್ ಸಭೆಗೆ ಮುನ್ನವೇ ತಿಳಿಸತಕ್ಕದ್ದು.