ಕಾಮಿಡಿ ಪಣ್ಣಾದೀಂಗ ಸಾರ್!

ಊರಿಗೆ ಹೋದಾಗಲೆಲ್ಲ ತಿಪಟೂರಿನ ನೆಂಟರು ಕೇಳುವ ಮೊದಲ ಪ್ರಶ್ನೆ, ‘ತಮಿಳು ಪೂರ್ತಿ ಬಂತೇನಪ್ಪಾ?’ ಎಂದು. ಚೆನ್ನೈಯಲ್ಲಿ ಬದುಕಲು ಪೂರ್ತಿ ತಮಿಳು ಬೇಕಿಲ್ಲ, ಒಂದು ಇಂಗ್ಲಿಷ್ ಪದ ಸರಿಯಾಗಿ ತಿಳಿದಿದ್ದರೆ ಅರ್ಧ ಕೆಲಸ ಆಯಿತು ಎಂದರೆ ಅವರು ನಂಬುವುದಿಲ್ಲ. ಆ ಪದ ‘ಕಾಮಿಡಿ’.

ತಾಂಬರಂ ಸ್ಟೇಷನ್ ಹೊರಗೆ ಆಟೊದವರಿಗೆ ‘ಮೀಟರ್ ಹಾಕಿ’ ಎನ್ನಿ. ‘ಕಾಮಿಡಿ ಪಣ್ಣಾದೀಂಗ ಸಾರ್’ ಎಂಬ ಉತ್ತರ ಬರುತ್ತದೆ. ಅಕ್ಷರಕ್ಕೆ ಅಕ್ಷರ ಹೇಳುವುದಾದರೆ, ಕಾಮಿಡಿ ಮಾಡಬೇಡಿ ಎಂದು. ನಿಜವಾದ ಅರ್ಥ, ಆಗದ ಮಾತು ಬಿಟ್ಟು ಬೇರೆ ಮಾತಾಡಿ ಎಂದು. ತಿಂಗಳ ಕೊನೆಯಲ್ಲಿ ಮೇಲಿನವರು ದುಪ್ಪಟ್ಟು ಟಾರ್ಗೆಟ್ ಕೊಟ್ಟು ಹೋದರೆ ಹಿಂದಿನ ಸಾಲಿನಿಂದ ‘ಸೆಮ ಕಾಮಿಡಿ’ ಎಂಬ ಪಿಸುಮಾತು ಕೇಳುತ್ತದೆ. ಅಲ್ಲಿ ಅದು ಬೈಗುಳ. ಯಾರಿಗಾದರೂ ಬೇಸರವಾಗುವಂತೆ ಏನೋ ಅಂದು, ಅವರ ಮುಖ ಸಣ್ಣದಾದದ್ದನ್ನು ನೋಡಿ ‘ಸುಮ್ಮಾ ಕಾಮಿಡಿಕ್ಕು ಸೊನ್ನೇನ್’ ಎನ್ನುತ್ತಾರೆ. ಸುಮ್ಮನೆ ತಮಾಷೆಗೆ ಅಂದೆ ಎಂದು. ಇಲ್ಲಿ ಅದು ಜಾಮೀನು. ಇನ್ನು ಒಬ್ಬ ಮನುಷ್ಯನನ್ನೇ ‘ಕಾಮಿಡಿ ಪೀಸ್’ ಎಂದರೆ ಮುಗಿಯಿತು, ಅವನು ಏನು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಂಗ್ಲೆಂಡಿನವನೊಬ್ಬ ಇದನ್ನೆಲ್ಲ ಕೇಳಿದರೆ ತಲೆ ಕೆರೆದುಕೊಂಡಾನು. ಅವರಲ್ಲಿ ಕಾಮಿಡಿ ಎಂದರೆ ಮುಖ್ಯವಾಗಿ ನಾಟಕ, ಸಿನಿಮಾಗಳ ಒಂದು ಬಗೆ. ಮೂಲ ಗ್ರೀಕಿನದು, ಕುಣಿತ ಕುಡಿತದ ಮೆರವಣಿಗೆಯಿಂದ ಹುಟ್ಟಿದ ಹಾಡಿನ ಹೆಸರು. ಇಟಲಿಯ ಡಾಂಟೆ ನರಕ ಸ್ವರ್ಗಗಳನ್ನು ಸುತ್ತಿಬಂದ ತನ್ನ ಮಹಾಕಾವ್ಯವನ್ನೂ ಕಾಮಿಡಿ ಎಂದೇ ಕರೆದ. ನಗು ಬರುತ್ತದೆಂದಲ್ಲ, ಕಥೆ ಸುಖವಾಗಿ ಮುಗಿಯುತ್ತದೆಂದು. ಚೆನ್ನೈ ಆಟೊದವರ ಕಾಮಿಡಿ ಸುಖವಾಗಿ ಮುಗಿಯುವುದು ಅವರಿಗೆ ಮಾತ್ರ.

ಈ ಪದ ತಮಿಳಿನಲ್ಲಿ ಹೀಗೆ ಬೇರುಬಿಟ್ಟದ್ದಕ್ಕೆ ಸಿನಿಮಾವೇ ಕಾರಣ ಎಂಬುದು ನನ್ನ ಲೆಕ್ಕ. ಅಲ್ಲಿ ಬಹಳ ಕಾಲ ಕಾಮಿಡಿ ಎಂದರೆ ಕಥೆಗೆ ಅಂಟಿಸಿದ, ಬೇಕಾದರೆ ಬಿಡಿಸಿ ತೆಗೆಯಬಹುದಾದ ಒಂದು ಪ್ರತ್ಯೇಕ ಓಟ. ಕಾಮಿಡಿ ಟ್ರ್ಯಾಕ್ ಎಂದೇ ಹೆಸರು. ಬಿಡಿಸಿ ತೆಗೆದದ್ದನ್ನೇ ದಿನವಿಡೀ ತೋರಿಸಲು ಆದಿತ್ಯ, ಸಿರಿಪ್ಪೊಲಿ ಎಂಬ ಟಿ.ವಿ. ಚಾನೆಲ್‌ಗಳೂ ಬಂದವು. ಹಾಗಾಗಿ ಇಲ್ಲಿ ಕಾಮಿಡಿಯನ್ನು ಎಣಿಸಬಹುದು, ಹೆಸರಿಡಬಹುದು. 1989ರ ‘ಕರಗಾಟ್ಟಕ್ಕಾರನ್’ ಚಿತ್ರದ ‘ವಾಳೈಪ್ಪಳ ಕಾಮಿಡಿ’ ಗೊತ್ತಿಲ್ಲದ ತಮಿಳರಿಲ್ಲ. ಗೌಂಡಮಣಿ ಒಂದು ರೂಪಾಯಿ ಕೊಟ್ಟು ಎರಡು ಬಾಳೆಹಣ್ಣು ತರಲು ಸೆಂದಿಲ್‌ನನ್ನು ಕಳಿಸುತ್ತಾನೆ. ಅವನು ಒಂದನ್ನು ತಿಂದು ಇನ್ನೊಂದನ್ನು ತಂದುಕೊಡುತ್ತಾನೆ. ಇನ್ನೊಂದು ಎಲ್ಲಿ ಎಂದು ಎಷ್ಟು ಸಲ ಕೇಳಿದರೂ, ಆ ಇನ್ನೊಂದೇ ಇದು ಎಂಬುದೇ ಉತ್ತರ.

ನಾನು ಒರಗಡಂ ಕಡೆಯ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದವನು. 2013ರಲ್ಲಿ ಸೇರಿದ ಹೊಸತರಲ್ಲಿ, ಒಬ್ಬ ಸರಬರಾಜುದಾರ ಎರಡು ತಪಾಸಣಾ ವರದಿ ಕೊಡಬೇಕಾದಲ್ಲಿ ಒಂದನ್ನೇ ಕೊಟ್ಟು ‘ಇದೇ ಅದು’ ಎಂದು ವಾದಿಸುತ್ತಿದ್ದ. ನಮ್ಮ ಸೂಪರ್‌ವೈಸರ್, ತಿರುನೆಲ್ವೇಲಿ ಕಡೆಯವರು, ತಲೆಯನ್ನೂ ಎತ್ತದೆ ‘ವಾಳೈಪ್ಪಳಂ’ ಎಂದರು. ಇಡೀ ಕೋಣೆ ನಕ್ಕಿತು, ಸರಬರಾಜುದಾರನೂ ನಕ್ಕ. ಮಧ್ಯಾಹ್ನದೊಳಗೆ ಎರಡನೆಯ ವರದಿ ಬಂತು. ಹತ್ತು ಇಮೇಲ್ ಮಾಡದ ಕೆಲಸವನ್ನು ಒಂದು ಹಣ್ಣು ಮಾಡಿತು.

ಇದೇ ಸಂಸ್ಕೃತಿ 2019ರ ಮೇ ಕೊನೆಯಲ್ಲಿ ಜಗತ್ತನ್ನೇ ಗೊಂದಲಕ್ಕೆ ಕೆಡವಿತ್ತು. ಫೇಸ್‌ಬುಕ್ಕಿನಲ್ಲಿ ಯಾರೋ ಸುತ್ತಿಗೆಯ ಚಿತ್ರ ಹಾಕಿ ನಿಮ್ಮ ಕಡೆ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರೆ, ತಮಿಳರೊಬ್ಬರು ಇದು ಕಾಂಟ್ರಾಕ್ಟರ್ ನೇಸಮಣಿಯ ತಲೆಯ ಮೇಲೆ ಬಿದ್ದದ್ದು ಎಂದು ಬರೆದರು. ನೇಸಮಣಿ 2001ರ ‘ಫ್ರೆಂಡ್ಸ್’ ಚಿತ್ರದಲ್ಲಿ ವಡಿವೇಲು ಮಾಡಿದ ಪಾತ್ರ. ಆತನಿಗಾಗಿ ಪ್ರಾರ್ಥಿಸಿ ಎಂಬ ಹ್ಯಾಶ್‌ಟ್ಯಾಗ್ ದೇಶ ದಾಟಿ ಓಡಿತು. ನಮ್ಮ ಪುಣೆ ಘಟಕದವರೊಬ್ಬರು ನನಗೆ ಫೋನ್ ಮಾಡಿ ‘ಯಾರವರು, ಸೀರಿಯಸ್ಸಾ?’ ಎಂದು ಕೇಳಿದರು. ‘ತುಂಬಾ ಸೀರಿಯಸ್’ ಎಂದೆ.

ನಮ್ಮಲ್ಲಿ ಈ ಜಾಗವನ್ನು ಬಹುಕಾಲ ‘ತಮಾಷೆ’ ಹಿಡಿದಿತ್ತು. ಅದೂ ಹೊರಗಿನಿಂದ ಬಂದದ್ದೇ; ಅರಬ್ಬಿಯಿಂದ ಪಾರ್ಸಿಗೆ, ಅಲ್ಲಿಂದ ನಮಗೆ. ಕೈಕಟ್ಟಿ ನಿಂತು ನೋಡುವ ನೋಟ ಎಂಬ ಅರ್ಥ ಅದಕ್ಕೆ ಇನ್ನೂ ಅಂಟಿಕೊಂಡಿದೆ. ಹೊಡೆದಾಟ ನಡೆಯುವಾಗ ‘ತಮಾಷೆ ನೋಡ್ತಾ ನಿಂತಿದ್ದೀರಾ?’ ಎಂದು ಗದರುವುದಿಲ್ಲವೇ? ಶ್ರೀಧರ್ ಅವರ 1964ರ ತಮಿಳು ಚಿತ್ರ ‘ಕಾದಲಿಕ್ಕ ನೇರಮಿಲ್ಲೈ’, ಅಂದರೆ ಪ್ರೀತಿಸಲು ಪುರುಸೊತ್ತಿಲ್ಲ ಎಂಬುದು, 1979ರಲ್ಲಿ ಕನ್ನಡಕ್ಕೆ ಬಂದಾಗ ‘ಪ್ರೀತಿ ಮಾಡು ತಮಾಷೆ ನೋಡು’ ಆಯಿತು. ಈಗಿನವರು ತೆಗೆದರೆ ಹೆಸರಿನಲ್ಲಿ ಕಾಮಿಡಿಯೇ ಇರುತ್ತಿತ್ತೇನೋ. ನಮ್ಮ ಹುಡುಗರೂ ಈಗ ‘ಕಾಮಿಡಿ ಮಾಡ್ತಿದ್ದೀಯಾ?’ ಎಂದೇ ಕೇಳುವುದು.

ಆ ತಮಿಳು ಚಿತ್ರದಲ್ಲಿ ಸಿನಿಮಾ ಹುಚ್ಚಿನ ಚೆಲ್ಲಪ್ಪನಾಗಿ, ಅಪ್ಪನಿಗೆ ಭೂತದ ಕಥೆ ಹೇಳಿ ನಡುಗಿಸುವವರು ನಾಗೇಶ್. ಧಾರಾಪುರಂನಲ್ಲಿ ನೆಲೆಸಿದ್ದ ಕನ್ನಡ ಮಾಧ್ವ ಕುಟುಂಬದ ಹುಡುಗ, ಹೆಸರು ಗುಂಡೂರಾವ್. ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ರಂಗದ ಮೇಲೆ ಹೊಟ್ಟೆನೋವಿನ ರೋಗಿಯ ಒಂದು ಸಣ್ಣ ಪಾತ್ರ ಮಾಡಿ ಎಂ.ಜಿ.ಆರ್. ಅವರಿಂದ ಮೆಚ್ಚುಗೆ ಪಡೆದವರು, ಆಮೇಲೆ ದಶಕಗಳ ಕಾಲ ತಮಿಳರ ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ‘ತಿರುವಿಳೈಯಾಡಲ್’ ಚಿತ್ರದ ಬಡಕವಿ ಧರುಮಿಯನ್ನು ಇಲ್ಲಿನವರು ಇಂದಿಗೂ ನಟಿಸಿ ತೋರಿಸುತ್ತಾರೆ. 1964ರದೇ ‘ಸರ್ವರ್ ಸುಂದರಂ’ ನನಗೆ ಅದಕ್ಕಿಂತ ಹೆಚ್ಚು ಇಷ್ಟ. ಹೋಟೆಲ್ ಮಾಣಿಯೊಬ್ಬ ದೊಡ್ಡ ಹಾಸ್ಯನಟನಾಗುತ್ತಾನೆ, ಊರೇ ಅವನನ್ನು ನೋಡಿ ನಗುತ್ತದೆ, ಅವನು ಒಲಿದ ಹುಡುಗಿ ಮಾತ್ರ ಅವನ ಗೆಳೆಯನನ್ನು ಒಲಿದಿರುತ್ತಾಳೆ. ಕಾಮಿಡಿ ಪೀಸ್ ಆಗುವುದರ ಬೆಲೆ ಏನೆಂದು ಕೇಳುವವರಿಗೆ ಆ ಚಿತ್ರ ತೋರಿಸಬೇಕು.

ಲೆಕ್ಕ ಚುಕ್ತಾ ಮಾಡಲೆಂಬಂತೆ, ಕನ್ನಡದ ಪ್ರಹಸನಗಳಿಗೆ ದೊಡ್ಡ ಹೆಸರಾದ ಟಿ.ಪಿ. ಕೈಲಾಸಂ ಅವರ ಮನೆಮಾತು ತಮಿಳು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿಬಂದು, ಇಂಗ್ಲಿಷ್ ಕಲಸಿದ ಬೆಂಗಳೂರು ಮೈಸೂರು ಮನೆಗಳ ಕನ್ನಡವನ್ನು ಅವರಷ್ಟು ಚೆನ್ನಾಗಿ ಕಿವಿಗೊಟ್ಟು ಕೇಳಿದವರು ಯಾರು? ಬೇರೆ ಮನೆಮಾತಿನವನ ಕಿವಿಗೆ ಬೀಳುವುದು ಒಳಗಿನವರಿಗೆ ಕೇಳಿಸುವುದಿಲ್ಲ. ನಮ್ಮ ತಿಪಟೂರಿನ ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದಾಗ ಕನ್ನಡ ಸಿನಿಮಾ ತಯಾರಾಗುತ್ತಿದ್ದುದೂ ಬಹುಮಟ್ಟಿಗೆ ಇದೇ ಮದರಾಸಿನ ಸ್ಟುಡಿಯೊಗಳಲ್ಲಿ. ನಗುವಿನ ವಿಷಯದಲ್ಲಿ ಎರಡೂ ಕಡೆಯವರು ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಉಂಡವರೇ.

ಆದರೂ ‘ಕಾಮಿಡಿ ಮಾಡು’ವುದಕ್ಕೂ ‘ಕಾಮಿಡಿ ಆಗು’ವುದಕ್ಕೂ ನಡುವೆ ಒಂದು ಗೆರೆ ಇದೆ. ವಲಸೆ ಬಂದವನು ಆ ಗೆರೆಯ ಮೇಲೇ ಓಡಾಡುತ್ತಿರುತ್ತಾನೆ. ನಮ್ಮ ವಿಭಾಗಕ್ಕೆ ದಾವಣಗೆರೆಯ ಒಬ್ಬ ಹುಡುಗ ಬಂದ. ಎರಡನೆಯ ದಿನವೇ ಸಂಜೆ ಬ್ಯಾಗ್ ಹೆಗಲಿಗೇರಿಸಿ ‘ನಾನ್ ಮನೈಕ್ಕು ಪೋರೇನ್’ ಎಂದ. ತಮಿಳಿನಲ್ಲಿ ‘ಮನೈ’ ಎಂದರೆ ಈಗ ಸಾಮಾನ್ಯವಾಗಿ ಮನೆ ಕಟ್ಟುವ ನಿವೇಶನ. ಹೊಸಬ ದಿನಾ ಸಂಜೆ ಸೈಟು ನೋಡಲು ಹೋಗುತ್ತಾನೆಂದು ಸುದ್ದಿಯಾಯಿತು. ಅವನಿಗೆ ‘ಮನೈ ಸಾರ್’ ಎಂಬ ಹೆಸರು ಬಿತ್ತು. ಅವನೂ ನಗುತ್ತಿದ್ದ, ನಗದಿದ್ದರೆ ಊಟಕ್ಕೆ ಜೊತೆ ಸಿಗುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಬೆಳಗಿನ ಸಭೆಯಲ್ಲಿ ಅವನು ಒಂದು ಮಾತು ಎತ್ತಿದ. ಬ್ರೇಕಿನ ಭಾಗಗಳಿಗೆ ಬೋಲ್ಟ್ ಬಿಗಿಯುವ ಟಾರ್ಕ್ ರೆಂಚಿನ ಕ್ಯಾಲಿಬ್ರೇಷನ್ ಅವಧಿ ಮುಗಿದಿದೆ, ಲೈನ್ ನಿಲ್ಲಿಸಬೇಕು ಎಂದು. ಅವನ ತಮಿಳು ಆಗಲೂ ದಾವಣಗೆರೆಯದೇ. ‘ಮನೈ ಸಾರ್, ಕಾಮಿಡಿ ಪಣ್ಣಾದೀಂಗ’ ಎಂದರು ಒಬ್ಬರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಹಗೆ ಇರಲಿಲ್ಲ, ಅದೇ ಅದರ ಅಪಾಯ. ತಿರುನೆಲ್ವೇಲಿಯ ಸೂಪರ್‌ವೈಸರ್ ಮಾತ್ರ ನಗದೆ ಎದ್ದುಹೋಗಿ ರೆಂಚಿನ ಮೇಲಿನ ಚೀಟಿ ಓದಿದರು. ಹನ್ನೊಂದು ದಿನ ದಾಟಿತ್ತು. ಲೈನ್ ನಿಂತಿತು, ಹಿಂದಿನ ಲಾಟ್‌ಗಳನ್ನೆಲ್ಲ ಮತ್ತೆ ಪರೀಕ್ಷಿಸಿದೆವು. ಯಾರೂ ಕ್ಷಮೆ ಕೇಳಲಿಲ್ಲ. ಅವನನ್ನು ಬರೀ ‘ಸಾರ್’ ಎಂದು ಕರೆಯತೊಡಗಿದರು. ಈಗ ಅವನು ಹೊಸೂರಿನಲ್ಲಿದ್ದಾನೆ. ಹೋದ ವರ್ಷ ಫೋನ್ ಮಾಡಿ, ‘ಅಣ್ಣಾ, ಕೊನೆಗೂ ಒಂದು ಮನೈ ತಗೊಂಡೆ’ ಎಂದ.

ತಮಿಳಿನ ಹಳೆಯ ಲಕ್ಷಣ ಗ್ರಂಥ ತೊಲ್ಕಾಪ್ಪಿಯಂ, ನಗೆಗೆ ನಾಲ್ಕು ಕಾರಣಗಳನ್ನು ಹೇಳುತ್ತದೆ: ಹೀಯಾಳಿಕೆ, ಎಳಸುತನ, ತಿಳಿಗೇಡಿತನ, ಪೆದ್ದುತನ. ಹೀಯಾಳಿಕೆಯೇ ಮೊದಲು. ನಾಲ್ಕರಲ್ಲಿ ಒಂದೂ ನಗಿಸಿಕೊಳ್ಳುವವನಿಗೆ ಗೌರವ ತರುವಂಥದ್ದಲ್ಲ. ಹೊಸ ಭಾಷೆಯಲ್ಲಿ ತಡವರಿಸುವವನು ಕೊನೆಯ ಮೂರಕ್ಕೂ ಒಟ್ಟಿಗೆ ಸಿಗುತ್ತಾನೆ. ನಾವೇನು ಕಡಿಮೆ? ನಮ್ಮ ಸಿನಿಮಾಗಳಲ್ಲಿ ತಮಿಳು ಉಚ್ಚಾರಣೆಯ ಕನ್ನಡಕ್ಕೆ, ಮಲಯಾಳಿ ಚಹಾದಂಗಡಿಯವನ ಕನ್ನಡಕ್ಕೆ ನಕ್ಕವರೇ ಅಲ್ಲವೇ?

2016ರ ಸೆಪ್ಟೆಂಬರಿನಲ್ಲಿ ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಕಾವೇರಿ ನೀರು ಬಿಡಲು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತ್ತು. ಕನ್ನಡ ನಟರನ್ನು ಗೇಲಿ ಮಾಡಿ ಮೀಮ್ ಹಾಕಿದನೆಂದು ಬೆಂಗಳೂರಿನಲ್ಲಿ ಒಬ್ಬ ತಮಿಳು ವಿದ್ಯಾರ್ಥಿಯನ್ನು ಗುಂಪೊಂದು ಹೊಡೆದು, ಮಂಡಿಯೂರಿಸಿ ಕ್ಷಮೆ ಕೇಳಿಸಿತು. ಆ ವಿಡಿಯೊ ಹರಿದಾಡಿತು. ಸೆಪ್ಟೆಂಬರ್ 12ರ ಸೋಮವಾರ ನಸುಕಿನಲ್ಲಿ ಚೆನ್ನೈ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ತುಂಬಿದ ಬಾಟಲಿಗಳು ಬಿದ್ದವು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಸುಟ್ಟುಹೋದವು. ಇಷ್ಟಕ್ಕೂ ಮೂಲ ನೀರೇ, ನಿಜ; ಆದರೆ ಕಿಡಿಗಳಲ್ಲಿ ಒಂದು, ಯಾರೋ ‘ಸುಮ್ಮಾ ಕಾಮಿಡಿಕ್ಕು’ ಹಾಕಿದ್ದ ನಾಲ್ಕು ಚಿತ್ರ.

ಆ ವಾರ ನಮ್ಮ ಕ್ಯಾಂಟೀನಿನಲ್ಲಿ ಆ ಪದವೇ ಕೇಳಲಿಲ್ಲ. ಎಲ್ಲರೂ ನನ್ನೊಡನೆ ಅತಿ ವಿನಯದಿಂದ ಮಾತಾಡುತ್ತಿದ್ದರು, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ. ಸೋಮವಾರ ಸಂಜೆ ಸೂಪರ್‌ವೈಸರ್ ತಾವು ಇಳಿಯಬೇಕಾದ ಕಡೆ ಇಳಿಯದೆ ಕಂಪನಿ ಬಸ್ಸಿನಲ್ಲಿ ನನ್ನ ಜೊತೆ ತಾಂಬರಂವರೆಗೂ ಬಂದರು. ಊರಿನಿಂದ ಅಮ್ಮನ ಫೋನ್ ಬಂದಾಗ, ಬಸ್ ಇಳಿದ ಮೇಲೆ ಮಾತಾಡಿ ಎಂದು ಕಣ್ಣಲ್ಲೇ ಹೇಳಿದರು.

ಎರಡು ವಾರ ಕಳೆಯಿತು. ಒಂದು ಮಧ್ಯಾಹ್ನ ಕ್ಯಾಂಟೀನಿನ ಸಾಂಬಾರು ನೀರಾಗಿತ್ತು. ಸೌಟು ಎತ್ತಿ ಸುರಿದು ನೋಡಿದ ಒಬ್ಬ ಆಪರೇಟರ್, ‘ಕೋರ್ಟ್ ಆರ್ಡರ್ ಪ್ರಕಾರ 6,000 ಕ್ಯುಸೆಕ್ ಬಿಟ್ಟಿದ್ದಾರೆ’ ಎಂದ. ಮೇಜು ಗಪ್‌ಚುಪ್. ಎಲ್ಲರ ಕಣ್ಣು ನನ್ನ ತಟ್ಟೆಯ ಮೇಲೆ. ‘ಇದು ನಮ್ಮದಲ್ಲಪ್ಪ, ಮೆಟ್ಟೂರಿನ ಗೇಟಿಂದ ಬಂದಿದ್ದು’ ಎಂದೆ. ಸೂಪರ್‌ವೈಸರ್‌ಗೆ ನೆತ್ತಿಗೆ ಹತ್ತಿತು. ‘ಕಾಮಿಡಿ ಪಣ್ಣಾದೀಂಗ ಸಾರ್’ ಎಂದು ಕೆಮ್ಮುತ್ತಾ ನೀರಿನ ಲೋಟ ನನ್ನ ಕಡೆಗೇ ತಳ್ಳಿದರು.

ಮಗಳು ಈಗ ಏಳನೆಯ ತರಗತಿ, ಇಲ್ಲೇ ಹುಟ್ಟಿದವಳು. ಮೊನ್ನೆ ಶಾಲೆಯಿಂದ ಬಂದವಳೇ, ‘ಅಪ್ಪಾ, ಪುಲಕೇಶಿ ನಿಜವಾದ ರಾಜನಾ?’ ಎಂದಳು. ಇತಿಹಾಸ ಪಾಠದಲ್ಲಿ ಆ ಹೆಸರು ಬಂದೊಡನೆ ತರಗತಿಯಿಡೀ ಕಿಸಕ್ಕೆಂದಿತಂತೆ. ಕಾರಣ ನನಗೆ ಗೊತ್ತಿತ್ತು. 2006ರ ‘ಇಮ್ಸೈ ಅರಸನ್ 23ಆಂ ಪುಲಿಕೇಸಿ’. ಗಿರಿಜಾ ಮೀಸೆಯ ಪೆದ್ದ ರಾಜನಾಗಿ ವಡಿವೇಲು ಮೆರೆದ ಚಿತ್ರ. ಇಲ್ಲಿನ ಮಕ್ಕಳಿಗೆ ಪುಲಿಕೇಸಿ ಎಂದರೆ ಅವನೇ.

ಅವಳನ್ನು ಕೂರಿಸಿಕೊಂಡು ಐಹೊಳೆಯ ಮೇಗುತಿ ಗುಡಿಯ ಫೋಟೊ ತೋರಿಸಿದೆ. 634ರಲ್ಲಿ ರವಿಕೀರ್ತಿ ಬರೆದ ಶಾಸನ ಅಲ್ಲಿದೆ, ಇಮ್ಮಡಿ ಪುಲಕೇಶಿಯ ಪಡೆಗೆ ಹೆದರಿ ಪಲ್ಲವ ರಾಜ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದನೆಂದು ಹೇಳುತ್ತದೆ ಎಂದೆ. ಅವಳ ಮುಖ ಅರಳಿತು. ಆ ಪಲ್ಲವನ ಮಗ ಮುಂದೆ ಬಾದಾಮಿಗೇ ಬಂದು ಊರನ್ನು ಗೆದ್ದ ಎಂಬುದನ್ನೂ ಹೇಳಿದೆ. ಕಥೆ ಪೂರ್ತಿ ಹೇಳಬೇಕಲ್ಲ. ‘ಹಾಗಾದರೆ ಆ ಅಡಗಿದ ರಾಜ ಏನು ಮಾಡಿದ?’ ಎಂದಳು. ಅವನೇ ಮಹೇಂದ್ರವರ್ಮ. ಅವನು ಒಂದು ಕಾಮಿಡಿ ಬರೆದ! ‘ಮತ್ತವಿಲಾಸ’ ಎಂಬ ಸಂಸ್ಕೃತ ಪ್ರಹಸನ. ಕಂಚಿಯ ಬೀದಿಯಲ್ಲಿ ಕುಡಿದ ಕಾಪಾಲಿಕನೊಬ್ಬ ತನ್ನ ಕಪಾಲದ ಭಿಕ್ಷಾಪಾತ್ರೆ ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳ್ಳತನ ಹೊರಿಸುತ್ತಾನೆ. ಅದನ್ನು ಕಚ್ಚಿಕೊಂಡು ಹೋಗಿದ್ದುದು ನಾಯಿ. ಕೊನೆಗೆ ಹುಚ್ಚನೊಬ್ಬನ ಕೈಯಲ್ಲಿ ಅದು ಸಿಗುತ್ತದೆ.

ಮಾರನೆಯ ದಿನ ಅವಳು ತರಗತಿಯಲ್ಲಿ ಎದ್ದುನಿಂತು ಎರಡೂ ಕಡೆಯ ಕಥೆ ಹೇಳಿದಳಂತೆ, ನಾಯಿಯ ಸಮೇತ. ಈಗ ಶಾಲೆಯ ವಾರ್ಷಿಕೋತ್ಸವಕ್ಕೆ ಆ ಪ್ರಹಸನದ ತುಣುಕೊಂದನ್ನು ತಮಿಳಿನಲ್ಲಿ ಆಡಿಸುವ ಮಾತು ನಡೆದಿದೆ. ಮಕ್ಕಳ ನಾಟಕವಾದ್ದರಿಂದ ಕುಡಿತದ ಭಾಗವೆಲ್ಲ ತೆಗೆಯಬೇಕು ಎಂದು ಟೀಚರ್ ಹೇಳಿದ್ದಾರೆ. ಮತ್ತವಿಲಾಸದಿಂದ ಮತ್ತು ತೆಗೆದರೆ ಉಳಿಯುವುದು ಬರೀ ವಿಲಾಸವಲ್ಲವೇ ಎಂದು ನಾನಂದರೆ, ಮಗಳು ಲಕೋಟೆಯ ಮೇಲೆ ಬರೆಯುವ ವಿಲಾಸವಾ ಎಂದು ಕೇಳಿದಳು. ಅವಳಿಗೆ ಬೇಕಾಗಿರುವುದು ಕಪಾಲ ವಾಪಸ್ ತರುವ ಹುಚ್ಚನ ಪಾತ್ರ. ಚೀಟಿ ಎತ್ತಿ ನಿರ್ಧರಿಸುತ್ತಾರಂತೆ, ಶುಕ್ರವಾರ.