ಸೇಂಟ್ ಹೆಲೆನಾದಿಂದ ಅಸೆನ್ಶನ್‌ಗೆ: ಹಾರುವ ಹೊತ್ತು, ಕಾಯುವ ಹೊತ್ತು

ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಬ್ರಿಟನ್ ಆಡಳಿತದ ಎರಡು ಪುಟ್ಟ ದ್ವೀಪಗಳಿವೆ. 1815ರಲ್ಲಿ ನೆಪೋಲಿಯನ್‌ನನ್ನು ಸೆರೆಯಿಟ್ಟದ್ದು ಸೇಂಟ್ ಹೆಲೆನಾದಲ್ಲಿ. ಅವನನ್ನು ಬಿಡಿಸಿಕೊಂಡು ಹೋಗಲು ಯಾರೂ ಬಾರದಿರಲಿ ಎಂದು ಅದೇ ವರ್ಷ ಕಾವಲುಪಡೆ ಇಳಿಸಿದ್ದು ಅಸೆನ್ಶನ್‌ನಲ್ಲಿ. ಇವೆರಡರ ನಡುವೆ ವಿಮಾನಕ್ಕೆ ಎಷ್ಟು ದೂರ? ಹೈಸ್ಕೂಲಿನ ಗಣಿತ ಗೊತ್ತಿದ್ದರೆ ನಾವೇ ಲೆಕ್ಕ ಹಾಕಬಹುದು.

ಸೇಂಟ್ ಹೆಲೆನಾ ವಿಮಾನ ನಿಲ್ದಾಣ ಇರುವುದು ಸುಮಾರು 16 ಡಿಗ್ರಿ ದಕ್ಷಿಣ ಅಕ್ಷಾಂಶ, 5.65 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ. ಅಸೆನ್ಶನ್‌ನದು 8 ಡಿಗ್ರಿ ದಕ್ಷಿಣ, 14.4 ಡಿಗ್ರಿ ಪಶ್ಚಿಮ. ಅಕ್ಷಾಂಶದ ಅಂತರ 8 ಡಿಗ್ರಿ; ಡಿಗ್ರಿಗೆ 111 ಕಿ.ಮೀ.ಯಂತೆ 888 ಕಿ.ಮೀ. ರೇಖಾಂಶದ ಅಂತರ 8.75 ಡಿಗ್ರಿ. ಧ್ರುವದ ಕಡೆಗೆ ಹೋದಷ್ಟೂ ರೇಖಾಂಶಗಳು ಒತ್ತಿಕೊಳ್ಳುತ್ತವೆ. ಆದ್ದರಿಂದ ಇಲ್ಲಿ 111ರ ಜೊತೆಗೆ ನಡುವಣ ಅಕ್ಷಾಂಶವಾದ 12 ಡಿಗ್ರಿಯ ಕೊಸೈನ್‌ನಿಂದಲೂ, ಅಂದರೆ 0.978ರಿಂದಲೂ, ಗುಣಿಸಬೇಕು. ಆಗ ಸಿಗುವುದು ಸುಮಾರು 950 ಕಿ.ಮೀ. ಇವೆರಡನ್ನು ಲಂಬಕೋನ ತ್ರಿಭುಜದ ಬಾಹುಗಳೆಂದುಕೊಂಡು ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಉತ್ತರ 1,300 ಕಿ.ಮೀ. ಭೂಮಿಯ ದುಂಡುತನವನ್ನು ಪೂರ್ತಿ ಹಿಡಿದು ಲೆಕ್ಕ ಮಾಡಿದರೂ ಇಷ್ಟೇ ಬರುತ್ತದೆ. ದೂರ ಕಡಿಮೆ, ಜಾಗ ಭೂಮಧ್ಯರೇಖೆಗೆ ಹತ್ತಿರ. ಅದಕ್ಕೇ ಈ ಉಪಾಯ ನಡೆಯುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೀಗೇ ಅಳೆದರೆ ಸುಮಾರು ಎರಡು ಸಾವಿರ ಕಿ.ಮೀ. ತಪ್ಪುತ್ತದೆ.

ಇನ್ನು ಸಮಯ. ಇಲ್ಲಿ ಹಾರುವ ಎಂಬ್ರೇರ್ 190 ಜೆಟ್‌ನ ವೇಗವನ್ನು ಗಂಟೆಗೆ 830 ಕಿ.ಮೀ. ಎಂದು ಹಿಡಿದರೆ ಒಂದು ಗಂಟೆ 34 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ. ಅದಕ್ಕೊಂದು ಇಪ್ಪತ್ತು ನಿಮಿಷ ಸೇರಿಸಿ. ಗಂಟೆಗೆ 50 ಕಿ.ಮೀ. ಎದುರುಗಾಳಿ ಇದ್ದರೂ ಹೆಚ್ಚುವುದು ಆರೇ ನಿಮಿಷ. ಒಟ್ಟು ಸುಮಾರು ಎರಡು ಗಂಟೆ. ಎರಡೂ ದ್ವೀಪಗಳು ಗ್ರೀನಿಚ್ ಸಮಯವನ್ನೇ ಪಾಲಿಸುವುದರಿಂದ ಗಡಿಯಾರ ತಿರುಗಿಸುವ ಕೆಲಸವಿಲ್ಲ.

ಬೆಂಗಳೂರು–ದೆಹಲಿಗಿಂತಲೂ ಕಡಿಮೆ ದೂರ. ಆದರೆ ಈ ವಿಮಾನ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಮಾತ್ರ! ದುರ್ಗಮ ನಿಲ್ದಾಣಗಳ ನಡುವಿನ ಪ್ರಯಾಣವನ್ನು ಗಂಟೆಗಳಲ್ಲಿ ಹೇಳುವುದು ಅರ್ಧ ಸತ್ಯ ಎಂದು ನಾನು ನಂಬಿರುವುದು ಇದಕ್ಕೇ. ಸೇಂಟ್ ಹೆಲೆನಾಗೆ ವಾಣಿಜ್ಯ ವಿಮಾನ ಸಂಚಾರ ಶುರುವಾದದ್ದೇ 2017ರ ಅಕ್ಟೋಬರ್‌ನಲ್ಲಿ. ಅಲ್ಲಿಯ ರನ್‌ವೇ ಇರುವುದು ಸಮುದ್ರದಂಚಿನ ಎತ್ತರದ ಪ್ರಪಾತದ ಮೇಲೆ; ಗಾಳಿ ಥಟ್ಟನೆ ದಿಕ್ಕು, ವೇಗ ಬದಲಿಸುತ್ತದೆ. ಇಳಿಯಲಾಗದಿದ್ದರೆ ಪಕ್ಕದ ಊರಿನ ನಿಲ್ದಾಣಕ್ಕೆ ಹೋಗೋಣವೆಂದರೆ ಪಕ್ಕದ ಊರೇ ಇಲ್ಲ. ಹತ್ತಿರದ್ದೆಂದರೆ ಅಸೆನ್ಶನ್, ಇಲ್ಲವೇ ಇನ್ನೂ ದೂರದ ಆಫ್ರಿಕಾ ಕರಾವಳಿ. ಅಷ್ಟು ದೂರ ಹೋಗಲು ಬೇಕಾದ ಇಂಧನವನ್ನೂ ಹೊತ್ತೇ ಹಾರಬೇಕು. ತೂಕ ಹೆಚ್ಚಿದಂತೆ ಕೂರಿಸಬಹುದಾದ ಪ್ರಯಾಣಿಕರು ಕಡಿಮೆಯಾಗುತ್ತಾರೆ, ಟಿಕೆಟ್ ದುಬಾರಿಯಾಗುತ್ತದೆ.

ಹೋಗುವ ಮನಸ್ಸಿದ್ದರೆ ಹಿಂತಿರುಗುವ ವಿಮಾನದ ದಿನಾಂಕವನ್ನೇ ಮೊದಲು ನೋಡಿ. ಅಸೆನ್ಶನ್‌ಗೆ ಕಾಲಿಡಲು ಮುಂಚಿತವಾಗಿ ಅನುಮತಿ ಬೇಕು. ಅದು ಕೈಸೇರಿದ ಮೇಲೆಯೇ ಟಿಕೆಟ್‌ಗೆ ಹಣ ಕಟ್ಟುವುದು ಒಳ್ಳೆಯದು.