ಬರಿಗಾಲಿನ ಕಲಾವಿದ

ಭಾಲ್ಕಿ ಸೀಮೆಯ ಸಾಯಗಾಂವದಲ್ಲಿ ಕುಳಿತು ನಾನು ಕಾಲ್ಚೆಂಡಾಟಗಾರರೊಬ್ಬರನ್ನು ಕುರಿತು ಬರೆಯಹೊರಟರೆ, ಕುಸ್ತಿ ಕಬಡ್ಡಿಗಳ ಊರಿಗೆ ಅದೇಕೆಂದು ಕೇಳುವವರುಂಟು. ಆದರೆ ಅಹಮದ್ ಖಾನರು ಕನ್ನಡನಾಡೆಲ್ಲಕ್ಕೂ ಸೇರಿದವರು.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಇವರು ಕೂಡಿದ ಮುಂಚೂಣಿಯನ್ನು ವಂಗದ ಜನ 'ಪಂಚಪಾಂಡವ'ರೆಂದು ಕರೆದರು. 1949ರಿಂದ 1951ರವರೆಗೆ ಐ.ಎಫ್.ಎ. ಷೀಲ್ಡ್ ಸತತವಾಗಿ ಮೂರು ವರ್ಷ ಆ ತಂಡದ ಪಾಲಾಯಿತು.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿ, ಫ್ರಾನ್ಸಿಗೆ 1-2ರಿಂದ ಮಾತ್ರ ಸೋತರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ದೊರೆಯಿತು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ 10-1ರಿಂದ ನಮ್ಮನ್ನು ಸದೆಬಡಿಯಿತು. ಆ ಒಂದು ಗೋಲು ಅಹಮದರದು. ಆ ಸೋಲಿನ ತರುವಾಯ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಬರಿಗಾಲ ಆಟವನ್ನು ನಾವು ಶೌರ್ಯವೆಂದು ಹೊಗಳುತ್ತ ಬಂದಿದ್ದೇವೆ. ಹೊಗಳಿಕೆ ತಪ್ಪಲ್ಲ, ಪಾದದ ಬೆರಳುಗಳಿಂದಲೇ ಚೆಂಡನ್ನು ಪಳಗಿಸಿದ ಆ ನಯ ಅಪೂರ್ವವಾದುದು. ಆದರೆ ಆ ಹೊಗಳಿಕೆ ಸಿದ್ಧತೆಯ ಕೊರತೆಗೆ ಹೊದಿಕೆಯಾಗಬಾರದು. ಪ್ರತಿಭೆ ಕೊಟ್ಟದ್ದು ಒಂದು ಗೋಲು. ಮಿಕ್ಕ ಹತ್ತಕ್ಕೆ ಉತ್ತರ ಕೊಡಬೇಕಾದುದು ಅಭ್ಯಾಸ, ಸಲಕರಣೆ, ವ್ಯವಸ್ಥೆ. ಶಾಲೆಯ ಅಂಗಳದಲ್ಲಿ ಚೆಂಡೊದೆಯುವ ಹುಡುಗನಿಗೆ ಚಪ್ಪಾಳೆಯಷ್ಟೇ ಸಾಲದೆಂಬುದನ್ನು ಉಪಾಧ್ಯಾಯ ಮಿತ್ರರು ಮನಗಾಣಬೇಕು.

ಅಹಮದರು 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಆ ಹೆಸರನ್ನು ಬಲ್ಲರು?